ಅರ್ಧ ಒತ್ತಿದ ಬಟನ್: ತಾನೇ ಫೋಕಸ್ ಮಾಡಿದ ಕ್ಯಾಮೆರಾದ ಕಥೆ

ಫೋನಿನಲ್ಲಿ ಫೋಟೊ ತೆಗೆಯುವಾಗ ಮಗುವಿನ ಮುಖದ ಮೇಲೆ ಒಮ್ಮೆ ಬೆರಳು ಮುಟ್ಟಿಸುತ್ತೀರಿ. ಅಲ್ಲೊಂದು ಪುಟ್ಟ ಚೌಕ ಮೂಡುತ್ತದೆ. ಮಸುಕಾಗಿದ್ದ ಮುಖ ಸ್ಪಷ್ಟವಾಗುತ್ತದೆ. ಇಷ್ಟು ಕೆಲಸಕ್ಕೆ ಒಂದು ಕ್ಷಣವೂ ಬೇಡ. ಆದರೆ ಇದೇ ಕೆಲಸವನ್ನು ಯಂತ್ರಕ್ಕೆ ಕಲಿಸಲು ಮೂರು ದೇಶಗಳ ಎಂಜಿನಿಯರುಗಳು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದರು. ಕಡೆಗೆ ಅದು ಕೋರ್ಟು ಕಚೇರಿಯ ಮೆಟ್ಟಿಲನ್ನೂ ಹತ್ತಿತು.

ಈ ಕಥೆ ಬರೆಯಬೇಕು ಅನ್ನಿಸಿದ್ದಕ್ಕೆ ಕಾರಣ ಒಂದು ಹಳೆಯ ಕ್ಯಾಮೆರಾ. ನಮ್ಮ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಎದುರಿನ ಸ್ಟುಡಿಯೊ ಬಾಗಿಲು ಹಾಕಿದಾಗ ಅದರ ಯಜಮಾನರು ಬಟ್ಟೆಯಲ್ಲಿ ಸುತ್ತಿದ್ದ ಕ್ಯಾಮೆರಾವೊಂದನ್ನು ನಮ್ಮ ಬಳಗಕ್ಕೆ ಕೊಟ್ಟರು. ಕರಾವಳಿಯ ಅವರ ನೆಂಟರೊಬ್ಬರು ಗಲ್ಫ್‌ನಿಂದ ಬರುವಾಗ ತಂದದ್ದಂತೆ. ಮುಂಭಾಗದಲ್ಲಿ ‘ಮಿನೋಲ್ಟಾ 7000’ ಎಂದಿತ್ತು. ಒಂದು ಲೆನ್ಸ್, ನಾಲ್ಕು ಸೆಲ್ ಹಿಡಿಯುವ ಹಿಡಿ, ಬೆಳ್ಳಗೆ ಬಣ್ಣ ಬಿಟ್ಟ ಪ್ಲಾಸ್ಟಿಕ್. ಗುಜರಿಗೆ ಹಾಕಿದರೆ ಕೇಳುವವರಿಲ್ಲ. ಆದರೆ 1985ರಲ್ಲಿ ಈ ಮಾದರಿ ಬಂದಾಗ ಜಪಾನಿನ ಕ್ಯಾಮೆರಾ ಉದ್ಯಮದಲ್ಲಿ ‘ಆಲ್ಫಾ ಶಾಕ್’ ಎಂಬ ಮಾತೇ ಹುಟ್ಟಿಕೊಂಡಿತ್ತು. ಜಪಾನಿನಲ್ಲಿ ಇದರ ಹೆಸರು ಆಲ್ಫಾ 7000, ಅಮೆರಿಕದಲ್ಲಿ ಮ್ಯಾಕ್ಸಮ್ 7000.

ಅಷ್ಟೊಂದು ಶಾಕ್ ಯಾಕೆ ಅಂತ ತಿಳಿಯಬೇಕಾದರೆ, ಅದಕ್ಕೆ ಮುಂಚೆ ಫೋಟೊಗ್ರಾಫರನ ಕೈ ಏನು ಮಾಡುತ್ತಿತ್ತು ಅನ್ನುವುದನ್ನು ನೆನಪಿಸಿಕೊಳ್ಳಬೇಕು.

ಎಸ್‌ಎಲ್‌ಆರ್ ಎಂದರೆ, ಫಿಲ್ಮ್ ನೋಡುವ ಲೆನ್ಸಿನಿಂದಲೇ ನಾವೂ ನೋಡುವ ಕ್ಯಾಮೆರಾ. ಲೆನ್ಸಿನ ಹಿಂದೆ ಓರೆಯಾಗಿ ಒಂದು ಕನ್ನಡಿ. ಅದು ಬೆಳಕನ್ನು ಮೇಲಕ್ಕೆ ತಿರುಗಿಸಿ ನಮ್ಮ ಕಣ್ಣಿಗೆ ಕೊಡುತ್ತದೆ. ಬಟನ್ ಒತ್ತಿದಾಗ ಕನ್ನಡಿ ಎದ್ದು ದಾರಿ ಬಿಡುತ್ತದೆ, ಬೆಳಕು ನೇರ ಫಿಲ್ಮಿಗೆ ಹೋಗುತ್ತದೆ. ಫೋಕಸ್ ಮಾಡುವುದೆಂದರೆ ಎಡಗೈಯಿಂದ ಲೆನ್ಸಿನ ಉಂಗುರವನ್ನು ತಿರುಗಿಸುತ್ತಾ ಕಣ್ಣಿಗೆ ಸ್ಪಷ್ಟ ಕಂಡಲ್ಲಿ ನಿಲ್ಲಿಸುವುದು. ತಂಬೂರಿ ತಂತಿಯ ಶ್ರುತಿ ಹಿಡಿದ ಹಾಗೆ. ಸ್ವಲ್ಪ ಮುಂದೆ ಹೋಗಬೇಕು, ದಾಟಿತು ಅಂತ ಗೊತ್ತಾಗಬೇಕು, ಮತ್ತೆ ಹಿಂದೆ ಬರಬೇಕು.

ಕೂತ ಮನುಷ್ಯನಿಗೆ ಇದು ಸಾಕು. ಓಡುವ ಕೋಣಕ್ಕೆ, ಲಾಠಿ ಎತ್ತಿದ ಪೊಲೀಸನಿಗೆ, ತಾಳಿ ಕಟ್ಟುವ ಗಳಿಗೆಗೆ ಸಾಲದು. ಒಂದು ರೀಲಿನಲ್ಲಿ 36 ಫೋಟೊ. ಪ್ರತಿಯೊಂದಕ್ಕೂ ದುಡ್ಡು. ಸರಿ ಬಂದಿದೆಯೋ ಇಲ್ಲವೋ ಗೊತ್ತಾಗುವುದು ರೀಲು ತೊಳೆದ ಮೇಲೆ. ನಮ್ಮ ಹಿರಿಯ ವರದಿಗಾರರು ರೀಲನ್ನು ಕವರಿಗೆ ಹಾಕಿ, ಬಸ್ ಕಂಡಕ್ಟರರ ಕೈಗೆ ಕೊಟ್ಟು, ಜಿಲ್ಲಾ ಕೇಂದ್ರಕ್ಕೆ ಕಳಿಸುತ್ತಿದ್ದ ಕಾಲ ಅದು. ಮರುದಿನ ಪತ್ರಿಕೆ ಬಿಡಿಸಿದಾಗ ತಮ್ಮ ಫೋಟೊ ಇಲ್ಲದಿದ್ದರೆ, ಸುದ್ದಿ ಸಣ್ಣದಾಯಿತೋ ಫೋಕಸ್ ತಪ್ಪಿತೋ ಅಂತ ತಿಳಿಯುವುದಕ್ಕೂ ಎರಡು ದಿನ ಬೇಕಿತ್ತಂತೆ.

ಇನ್ನೊಂದು ತೊಂದರೆಯನ್ನು ನಾವು ಸ್ಟುಡಿಯೊ ಯಜಮಾನರಿಂದಲೇ ಕೇಳಿದ್ದು. ನಲವತ್ತು ದಾಟಿದ ಮೇಲೆ ಚಾಳೀಸು ಬಂತು. ಪುಸ್ತಕಕ್ಕಾದರೆ ಕನ್ನಡಕ ಹಾಕಬಹುದು. ಕ್ಯಾಮೆರಾದ ಕಿಂಡಿಯಲ್ಲಿ ಮದುಮಗಳ ಕಣ್ಣು ಸ್ಪಷ್ಟವಾಗಿದೆಯೋ ಇಲ್ಲವೋ ಎನ್ನುವ ನಂಬಿಕೆ ಮಾತ್ರ ಮೆಲ್ಲಗೆ ಕರಗಿತು. ಮದುವೆ ಮನೆಯ ಮಂದ ಬೆಳಕಲ್ಲಂತೂ ಅಂದಾಜಿನ ಮೇಲೆ ಒತ್ತುತ್ತಿದ್ದರಂತೆ. ಕುಶಲತೆ ಕೈಯಲ್ಲೇ ಇತ್ತು, ಕಣ್ಣು ಕೈಬಿಟ್ಟಿತ್ತು. ಈ ಯಂತ್ರವನ್ನು ಹೊಸಬರ ಆಟಿಕೆ ಅಂತ ಹೀಗಳೆದವರು ಈ ಮಾತನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ ಅನ್ನುವುದು ನಮ್ಮ ಅನಿಸಿಕೆ.

ತಾನೇ ಫೋಕಸ್ ಮಾಡುವ ಕ್ಯಾಮೆರಾದ ಕನಸು ಮಿನೋಲ್ಟಾದ್ದೇನೂ ಆಗಿರಲಿಲ್ಲ. ಜರ್ಮನಿಯ ಲೈಕಾ ಕ್ಯಾಮೆರಾ ತಯಾರಿಸುವ ಲೈಟ್ಜ್ ಕಂಪನಿ 1960ರಿಂದಲೇ ಪೇಟೆಂಟ್ ಮೇಲೆ ಪೇಟೆಂಟ್ ಪಡೆದಿತ್ತು. 1976ರ ಫೋಟೊಕಿನಾ ಮೇಳದಲ್ಲಿ ತನ್ನ ‘ಕೊರೆಫಾಟ್’ ವ್ಯವಸ್ಥೆಯನ್ನು ತೋರಿಸಿತು, ಎರಡು ವರ್ಷದ ನಂತರ ಅದನ್ನು ಅಳವಡಿಸಿದ ಕ್ಯಾಮೆರಾವನ್ನೂ ತೋರಿಸಿತು. ಆದರೆ ಮಾರಾಟಕ್ಕೆ ಬಿಡಲಿಲ್ಲ. ನಮ್ಮ ಗಿರಾಕಿಗಳಿಗೆ ಫೋಕಸ್ ಮಾಡಲು ಬರುತ್ತದೆ ಎಂಬ ಹಮ್ಮು ಅಲ್ಲಿತ್ತು ಅಂತ ಕ್ಯಾಮೆರಾ ಪ್ರಿಯರು ಇಂದಿಗೂ ಆಡಿಕೊಳ್ಳುವುದುಂಟು.

ಅತ್ತ ಅಮೆರಿಕದಲ್ಲಿ ಹನಿವೆಲ್ ಕಂಪನಿಯ ನಾರ್ಮನ್ ಸ್ಟಾಫರ್ ಎಂಬ ಎಂಜಿನಿಯರ್ ಇದರ ಬೆನ್ನು ಬಿದ್ದಿದ್ದರು. ಹನಿವೆಲ್‌ನ ‘ವಿಸಿಟ್ರಾನಿಕ್’ ಎಂಬ ಬಿಡಿಭಾಗವನ್ನು ಬಳಸಿ ಜಪಾನಿನ ಕೊನಿಕಾ ಕಂಪನಿ 1977ರಲ್ಲಿ ‘ಸಿ35 ಎಎಫ್’ ಎಂಬ ಚಿಕ್ಕ ಕ್ಯಾಮೆರಾ ತಂದಿತು. ದೊಡ್ಡ ಸಂಖ್ಯೆಯಲ್ಲಿ ತಯಾರಾದ ಮೊದಲ ಆಟೊಫೋಕಸ್ ಕ್ಯಾಮೆರಾ ಅದು. ಆದರೆ ಎಸ್‌ಎಲ್‌ಆರ್ ಅಲ್ಲ, ಲೆನ್ಸ್ ಬದಲಿಸುವಂತಿರಲಿಲ್ಲ. 1978ರಲ್ಲಿ ಪೋಲರಾಯ್ಡ್ ಇನ್ನೊಂದು ದಾರಿ ಹಿಡಿಯಿತು. ಬಾವಲಿಯ ಹಾಗೆ ಕಿವಿಗೆ ಕೇಳಿಸದ ಸದ್ದು ಬಿಟ್ಟು, ಅದು ಮರಳಿ ಬರುವ ಸಮಯ ಎಣಿಸಿ ದೂರ ಅಳೆಯುವ ಕ್ಯಾಮೆರಾ. ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು, ಗಾಜಿನ ಕಿಟಕಿಯಾಚೆಯ ಮನುಷ್ಯನನ್ನು ತೆಗೆಯಲು ಹೋದರೆ ಮಾತ್ರ ಗಾಜಿಗೇ ಫೋಕಸ್ ಮಾಡಿಬಿಡುತ್ತಿತ್ತು.

35 ಎಂಎಂ ಫಿಲ್ಮಿನ ಎಸ್‌ಎಲ್‌ಆರ್‌ನಲ್ಲಿ 1981ರಲ್ಲಿ ಪೆಂಟಾಕ್ಸ್ ‘ಎಂಇ-ಎಫ್’, 1983ರಲ್ಲಿ ನಿಕಾನ್ ‘ಎಫ್3 ಎಎಫ್’ ಬಂದವು. ಎರಡೂ ಹೆಚ್ಚು ದೂರ ನಡೆಯಲಿಲ್ಲ. ಪೆಂಟಾಕ್ಸ್‌ಗೆ ಮೋಟಾರು, ಬ್ಯಾಟರಿ ಎಲ್ಲಾ ಲೆನ್ಸಿನೊಳಗೇ ಇದ್ದುದರಿಂದ ಅದೊಂದು ದಪ್ಪ ಗಂಟಿನ ಹಾಗೆ ಜೋತುಬೀಳುತ್ತಿತ್ತು. ಅಂಥ ಲೆನ್ಸ್ ಇದ್ದದ್ದೂ ಒಂದೇ ಒಂದು.

ಇಲ್ಲಿ ಮಿನೋಲ್ಟಾದವರು ಧೈರ್ಯ ಮಾಡಿದರು. ಹಳೆಯ ಕ್ಯಾಮೆರಾಕ್ಕೆ ತೇಪೆ ಹಾಕುವ ಬದಲು ಎಲ್ಲವನ್ನೂ ಹೊಸದಾಗಿ ಕಟ್ಟಿದರು. ಮೋಟಾರು, ಸೆನ್ಸರ್, ಲೆಕ್ಕ ಹಾಕುವ ಚಿಪ್ಪು ಎಲ್ಲವೂ ಕ್ಯಾಮೆರಾದ ಒಡಲೊಳಗೆ. ಲೆನ್ಸ್ ಕೂರುವ ಉಂಗುರದ ಅಂಚಿನಲ್ಲಿ ಸ್ಕ್ರೂಡ್ರೈವರ್ ಮೂತಿಯಂಥ ಸಣ್ಣ ಕಡ್ಡಿ. ಅದು ತಿರುಗಿದರೆ ಲೆನ್ಸಿನ ಗಾಜು ಹಿಂದೆ ಮುಂದೆ ಸರಿಯುತ್ತದೆ. ಪ್ರತಿ ಲೆನ್ಸಿನಲ್ಲೂ ಒಂದು ಪುಟ್ಟ ಚಿಪ್ಪು, ನಾನು ಇಂಥ ಲೆನ್ಸ್, ನನ್ನನ್ನು ಇಷ್ಟು ಸುತ್ತು ತಿರುಗಿಸಿದರೆ ಇಷ್ಟು ಸರಿಯುತ್ತೇನೆ ಅಂತ ಕ್ಯಾಮೆರಾಕ್ಕೆ ಹೇಳಲು. ಹೀಗಾಗಿ ಲೆನ್ಸ್ ಹಗುರವಾಗಿಯೇ ಉಳಿಯಿತು. ಒಂದಲ್ಲ, ಮೊದಲಿಗೇ ಒಂದಿಡೀ ಸಾಲು ಲೆನ್ಸುಗಳನ್ನು ಕಂಪನಿ ಒಟ್ಟಿಗೆ ತಂದಿತು.

ಉಳಿದ ಸೌಲಭ್ಯಗಳೂ ಆ ಕಾಲಕ್ಕೆ ಕಡಿಮೆಯವಲ್ಲ. ಫಿಲ್ಮನ್ನು ಹೆಬ್ಬೆರಳಿನಿಂದ ಎಳೆಯುವ ಸನ್ನೆ ಇಲ್ಲ, ಒಳಗಿನ ಮೋಟಾರೇ ಸೆಕೆಂಡಿಗೆ ಎರಡರಂತೆ ಎಳೆದುಕೊಳ್ಳುತ್ತದೆ. ರೀಲಿನ ಡಬ್ಬಿಯ ಮೇಲಿನ ಕಪ್ಪು ಬಿಳಿ ಚೌಕಗಳನ್ನು ಮುಟ್ಟಿ ಅದು 100ರ ಫಿಲ್ಮೋ 400ರದ್ದೋ ಎಂದು ಓದಿಕೊಳ್ಳುತ್ತದೆ. ಆ ಚೌಕಗಳ ಪದ್ಧತಿಯನ್ನು ಕೊಡಾಕ್ ಶುರು ಮಾಡಿದ್ದು 1983ರಲ್ಲಷ್ಟೇ. ಶಟರ್ 30 ಸೆಕೆಂಡಿನಿಂದ ಒಂದು ಸೆಕೆಂಡಿನ 2000ನೇ ಒಂದು ಭಾಗದವರೆಗೆ. ತಿರುಗಿಸುವ ಗುಂಡಿಗಳ ಜಾಗದಲ್ಲಿ ಒತ್ತುವ ಬಟನ್‌ಗಳು, ಕ್ಯಾಲ್ಕುಲೇಟರಿನಂಥ ಪರದೆ. ಕತ್ತಲಲ್ಲಿ ಬೇಕಾದರೆ, ಇದಕ್ಕೆಂದೇ ಮಾಡಿದ ಫ್ಲ್ಯಾಶ್ ಕೆಂಪು ಬೆಳಕು ಬೀರಿ ಫೋಕಸ್‌ಗೆ ನೆರವಾಗುತ್ತದೆ.

ಅಮೆರಿಕದ ಮಾದರಿಯ ಹೆಸರಿನ ಬಗ್ಗೆ ಒಂದು ತಮಾಷೆ ಇದೆ. ಇಂಗ್ಲಿಷಿನಲ್ಲಿ ‘ಮ್ಯಾಕ್ಸಮ್’ ಬರೆಯುವಾಗ ಅದರ ಎರಡು ‘ಎಕ್ಸ್’ಗಳನ್ನು ಒಂದಕ್ಕೊಂದು ಹೆಣೆದಿದ್ದರು. ನಮ್ಮ ಗುರುತೂ ಹೀಗೇ ಇದೆ ಎಂದು ಎಕ್ಸಾನ್ ತೈಲ ಕಂಪನಿ ತಗಾದೆ ತೆಗೆಯಿತು. ಮಿನೋಲ್ಟಾ ಅಕ್ಷರಗಳನ್ನು ಬಿಡಿಸಿ ಬರೆಯಿತು. ಹೆಣೆದ ಎಕ್ಸ್ ಇರುವ ಹಳೆಯವನ್ನು ಈಗ ಹುಡುಕಿ ಕೂಡಿಡುವವರಿದ್ದಾರೆ. ನಮ್ಮದು ಬೇರೆ ದೇಶದ ಮಾದರಿ, ಆ ಭಾಗ್ಯವಿಲ್ಲ.

ಈಗ ಅಸಲು ವಿಷಯ. ಕಣ್ಣಿಲ್ಲದ ಯಂತ್ರಕ್ಕೆ ದೂರ ತಿಳಿಯುವುದು ಹೇಗೆ?

ನಿಮ್ಮ ತೋರುಬೆರಳನ್ನು ಮುಖದ ಮುಂದೆ ಹಿಡಿಯಿರಿ. ಎಡಗಣ್ಣು ಮುಚ್ಚಿ ನೋಡಿ, ಆಮೇಲೆ ಬಲಗಣ್ಣು ಮುಚ್ಚಿ ನೋಡಿ. ಹಿಂದಿನ ಗೋಡೆಯ ಮೇಲೆ ಬೆರಳು ಅತ್ತಿತ್ತ ಜಿಗಿಯುತ್ತದೆ. ಹತ್ತಿರವಿದ್ದಷ್ಟೂ ಜಿಗಿತ ಹೆಚ್ಚು. ಕ್ಯಾಮೆರಾದ ಲೆಕ್ಕವೂ ಹೆಚ್ಚು ಕಡಿಮೆ ಇದೇ. ಲೆನ್ಸಿನ ಎಡ ಅಂಚಿನಿಂದ ಬಂದ ಬೆಳಕಿನದ್ದೊಂದು ಬಿಂಬ, ಬಲ ಅಂಚಿನಿಂದ ಬಂದ ಬೆಳಕಿನದ್ದೊಂದು ಬಿಂಬ. ಎರಡನ್ನೂ ಒಂದು ಗೆರೆಯಂಥ ಸೆನ್ಸರಿನ ಮೇಲೆ ಬೀಳಿಸಿ ನಡುವಿನ ಅಂತರ ಅಳೆಯುತ್ತದೆ. ಅಂತರ ಇರಬೇಕಾದಷ್ಟೇ ಇದ್ದರೆ ಫೋಕಸ್ ಸರಿ. ಹೆಚ್ಚೋ ಕಡಿಮೆಯೋ ಇದ್ದರೆ ಯಾವ ಕಡೆಗೆ, ಎಷ್ಟು ತಿರುಗಿಸಬೇಕು ಎರಡೂ ಒಟ್ಟಿಗೇ ಗೊತ್ತಾಗುತ್ತದೆ. ತಂಬೂರಿಯವನ ಹಾಗೆ ಹಿಂದೆ ಮುಂದೆ ಹುಡುಕಬೇಕಿಲ್ಲ. ಇಂದಿನ ಅನೇಕ ಫೋನುಗಳ ಸೆನ್ಸರಿನಲ್ಲೂ ಇದೇ ಎಡ-ಬಲದ ಲೆಕ್ಕ ಅಡಗಿದೆ.

ಈ ಸೆನ್ಸರ್ ಇರುವುದು ಕ್ಯಾಮೆರಾದ ತಳದಲ್ಲಿ. ಓರೆ ಕನ್ನಡಿಯ ನಡುಭಾಗ ಸ್ವಲ್ಪ ಬೆಳಕನ್ನು ಹಿಂದಕ್ಕೆ ಬಿಡುತ್ತದೆ. ಅದರ ಬೆನ್ನಿಗಿರುವ ಇನ್ನೊಂದು ಪುಟ್ಟ ಕನ್ನಡಿ ಆ ಬೆಳಕನ್ನು ಕೆಳಕ್ಕೆ ಕಳಿಸುತ್ತದೆ. ಬಟನ್ ಪೂರ್ತಿ ಒತ್ತಿದಾಗ ಎರಡೂ ಕನ್ನಡಿ ಮಡಚಿಕೊಂಡು ಮೇಲೇಳುತ್ತವೆ. ಅಂದರೆ ಫೋಟೊ ಬೀಳುವ ಗಳಿಗೆಯಲ್ಲಿ ಫೋಟೊಗ್ರಾಫರನಿಗೂ ಏನೂ ಕಾಣುವುದಿಲ್ಲ, ಯಂತ್ರಕ್ಕೂ ಕಾಣುವುದಿಲ್ಲ. ಅದಕ್ಕೆ ಮುಂಚಿನ ಕ್ಷಣವನ್ನು ನಂಬಿಕೊಂಡೇ ಫೋಟೊ ತೆಗೆಯಬೇಕು.

7000ದಲ್ಲಿ ಇಂಥ ಸೆನ್ಸರ್ ಇದ್ದದ್ದು ಒಂದೇ, ಅದೂ ಚಿತ್ರದ ಸರಿ ನಡುವಿಗೆ, ಅಡ್ಡಗೆರೆಯಾಗಿ. ಕಂಬ, ಮೂಗು, ಬಾಗಿಲ ಚೌಕಟ್ಟು ಇಂಥ ನಿಂತ ಗೆರೆಗಳು ಸಿಕ್ಕರೆ ತಟ್ಟನೆ ಹಿಡಿಯುತ್ತದೆ. ಅಡ್ಡ ಪಟ್ಟೆಯ ಲುಂಗಿ ಎದುರಾದರೆ ತಬ್ಬಿಬ್ಬಾಗುತ್ತದೆ. ಸುಣ್ಣದ ಗೋಡೆಯಂತೂ ಅದಕ್ಕೆ ಕತ್ತಲಿದ್ದ ಹಾಗೆ. ಕ್ಯಾಮೆರಾವನ್ನು ಸ್ವಲ್ಪ ಓರೆ ಮಾಡಿ ಫೋಕಸ್ ಹಿಡಿದು ಮತ್ತೆ ನೆಟ್ಟಗೆ ಮಾಡಿಕೊಳ್ಳುವುದು ಬಳಸುವವರು ಬೇಗನೆ ಕಲಿತ ಉಪಾಯ.

ಇದಕ್ಕಿಂತ ಮುಖ್ಯವಾದ ತಪ್ಪು ಇನ್ನೊಂದಿದೆ. ಮದುಮಗ ಮದುಮಗಳು ಪಕ್ಕ ಪಕ್ಕ ನಿಂತಿದ್ದಾರೆ. ಚಿತ್ರದ ನಡುಭಾಗ ಅವರಿಬ್ಬರ ನಡುವಿನ ಸಂದಿಗೆ ಬೀಳುತ್ತದೆ. ಯಂತ್ರ ಆ ಸಂದಿಯಿಂದ ಹಾದು ಹಿಂದಿನ ಪರದೆಗೆ ಫೋಕಸ್ ಮಾಡುತ್ತದೆ, ಹಸಿರು ದೀಪ ತೋರಿಸಿ ‘ಪೀಂ’ ಎನ್ನುತ್ತದೆ. ರೀಲು ತೊಳೆದಾಗ ಪರದೆಯ ಹೂವಿನ ಎಸಳು ಎಣಿಸಬಹುದು, ಗಂಡು ಹೆಣ್ಣು ಮಾತ್ರ ಮಸುಕು. ಯಂತ್ರದ ಲೆಕ್ಕದಲ್ಲಿ ಏನೂ ತಪ್ಪಿಲ್ಲ. ಎಷ್ಟು ದೂರ ಎಂದು ಕೇಳಿದ್ದಕ್ಕೆ ಸರಿಯಾದ ಉತ್ತರವನ್ನೇ ಕೊಟ್ಟಿದೆ. ಯಾರಿಗೆ ಫೋಕಸ್ ಮಾಡಬೇಕು ಅನ್ನುವುದನ್ನು ಅದಕ್ಕೆ ಯಾರೂ ಹೇಳಿರಲಿಲ್ಲ ಅಷ್ಟೇ.

ಅದನ್ನು ಹೇಳಲು ಇದ್ದ ದಾರಿಯೇ ಅರ್ಧ ಒತ್ತುವುದು. ಮೊದಲು ಕ್ಯಾಮೆರಾವನ್ನು ಮದುಮಗಳ ಮುಖದತ್ತ ತಿರುಗಿಸಿ ಬಟನ್ನನ್ನು ಅರ್ಧ ಒತ್ತಬೇಕು. ಫೋಕಸ್ ಅಲ್ಲೇ ನಿಲ್ಲುತ್ತದೆ. ಬೆರಳು ಎತ್ತದೆ ಕ್ಯಾಮೆರಾವನ್ನು ಬೇಕಾದ ಕಡೆ ಸರಿಸಿ ಪೂರ್ತಿ ಒತ್ತಬೇಕು. ಬೆರಳಿನ ತುದಿಯ ಈ ಸೂಕ್ಷ್ಮ ಒತ್ತಡವೇ ಹೊಸ ಕೈಚಳಕವಾಯಿತು. ಎಡಗೈಯ ಉಂಗುರದಲ್ಲಿದ್ದ ವಿದ್ಯೆ ಬಲಗೈಯ ತೋರುಬೆರಳಿಗೆ ಬಂತು.

ಈ ಕ್ಯಾಮೆರಾಕ್ಕಾಗಿ ಮಿನೋಲ್ಟಾ ತನ್ನ ಹಳೆಯ ಗಿರಾಕಿಗಳಿಂದ ದೊಡ್ಡ ಬೆಲೆಯನ್ನೇ ಕೇಳಿತು. 1958ರಿಂದ ಮಾರಿದ್ದ ಎಸ್‌ಎಲ್‌ಆರ್ ಲೆನ್ಸುಗಳಲ್ಲಿ ಒಂದೂ ಇದಕ್ಕೆ ಕೂರುತ್ತಿರಲಿಲ್ಲ. ಒಂದೊಂದೇ ಲೆನ್ಸ್ ಕೂಡಿಸಿದ್ದವನ ಗತಿ ಏನು? ಎರಡು ವರ್ಷದ ನಂತರ ಕ್ಯಾನನ್ ಕೂಡ ಅದೇ ಮಾಡಿತು. ಮೊದಲು 1985ರಲ್ಲೇ ‘ಟಿ80’ ಎಂಬ ಅರೆಮನಸ್ಸಿನ ಪ್ರಯತ್ನ ಮಾಡಿ ಕೈಸುಟ್ಟುಕೊಂಡು, 1987ರ ಮಾರ್ಚಿನಲ್ಲಿ ‘ಇಓಎಸ್ 650’ ತಂದು, ಪ್ರತಿ ಲೆನ್ಸಿನೊಳಗೂ ಒಂದೊಂದು ಮೋಟಾರು ಇಟ್ಟಿತು. ಹಳೆಯ ಲೆನ್ಸ್ ಇದ್ದವರು ಬೈದರು, ಆದರೂ ದೂರದೃಷ್ಟಿಯಲ್ಲಿ ಕ್ಯಾನನ್ ಲೆಕ್ಕವೇ ಗೆದ್ದಿತು ಅನ್ನಬೇಕು. ನಿಕಾನ್ ಮಾತ್ರ 1959ರ ತನ್ನ ಲೆನ್ಸ್ ಉಂಗುರವನ್ನು ಬಿಡದೆ, ಅದರೊಳಗೇ ಮೋಟಾರಿನ ಕಡ್ಡಿ ತೂರಿಸಿ 1986ರಲ್ಲಿ ‘ಎಫ್-501’ ತಂದಿತು. ಹಳೆಯ ಲೆನ್ಸ್ ಇದ್ದವರಿಗೆ ಇದು ಸಮಾಧಾನ ತಂದಿತು.

ಇಷ್ಟರಲ್ಲಿ ಅಮೆರಿಕದಿಂದ ನೋಟಿಸು ಬಂತು. ತಾನು ಕಂಡುಹಿಡಿದ ವಿದ್ಯೆಯನ್ನೇ ಮಿನೋಲ್ಟಾ ಬಳಸಿದೆ ಎಂದು ಹನಿವೆಲ್ 1987ರಲ್ಲಿ ದಾವೆ ಹೂಡಿತು. ತನ್ನ ಫೋಕಸ್ ಬಿಡಿಭಾಗವನ್ನು ಅದು ಹಿಂದೆ ಜಪಾನಿನ ಕಂಪನಿಗಳಿಗೆ ತೋರಿಸಿತ್ತು. ನಾವೇ ಸ್ವಂತವಾಗಿ ಮಾಡಿಕೊಂಡಿದ್ದೇವೆ ಎನ್ನುವುದು ಮಿನೋಲ್ಟಾದ ವಾದ. 1992ರ ಫೆಬ್ರುವರಿಯಲ್ಲಿ ನ್ಯೂಜೆರ್ಸಿಯ ಕೋರ್ಟಿನ ಜ್ಯೂರಿ, ಎರಡು ಪೇಟೆಂಟುಗಳ ಉಲ್ಲಂಘನೆಯಾಗಿದೆ ಎಂದು ಹೇಳಿ 9 ಕೋಟಿ 60 ಲಕ್ಷ ಡಾಲರಿಗೂ ಹೆಚ್ಚು ಪರಿಹಾರ ವಿಧಿಸಿತು. ಮುಂದಿನ ತಿಂಗಳು ಸುಮಾರು 12 ಕೋಟಿ 75 ಲಕ್ಷ ಡಾಲರಿಗೆ ಇಬ್ಬರೂ ರಾಜಿಯಾದರು. ಆಮೇಲೆ ಬೇರೆ ಕ್ಯಾಮೆರಾ ಕಂಪನಿಗಳೂ ಸಾಲಾಗಿ ಬಂದು ಹನಿವೆಲ್‌ಗೆ ದುಡ್ಡು ಕಟ್ಟಿದವು. ಸ್ವತಃ ಒಂದೂ ಆಟೊಫೋಕಸ್ ಎಸ್‌ಎಲ್‌ಆರ್ ಮಾರದ ಕಂಪನಿಗೆ ಎಲ್ಲರ ಮಾರಾಟದಿಂದ ಪಾಲು ಬಂತು.

ಅನ್ಯಾಯವೋ ನ್ಯಾಯವೋ? ಮೊದಲು ಯೋಚಿಸಿದವನಿಗೆ ಪಾಲು ಸಿಗಬೇಕು ಅನ್ನುವುದನ್ನು ನಾವು ಒಪ್ಪುತ್ತೇವೆ. ಆದರೆ ಯೋಚನೆಯನ್ನು ಅಂಗಡಿಯ ಕಪಾಟಿನವರೆಗೆ ಹೊತ್ತು ತಂದವರ ಬೆವರನ್ನು ಜ್ಯೂರಿ ಎಷ್ಟು ತೂಗಿ ನೋಡಿತೋ ಎಂಬ ಅನುಮಾನವೂ ನಮಗಿದೆ.

ಕೋರ್ಟಿನ ಪೆಟ್ಟು ಬೀಳುವ ಹೊತ್ತಿಗೆ ಮಿನೋಲ್ಟಾ ತಾನೇ ಬೇರೊಂದು ದಾರಿಯಲ್ಲಿ ಎಡವಿತ್ತು. 1988ರ ‘7000ಐ’ ಒಳ್ಳೆಯ ಕ್ಯಾಮೆರಾ. ಮೂರು ಸೆನ್ಸರ್, ಓಡುವ ವಸ್ತು ಮುಂದಿನ ಕ್ಷಣ ಎಲ್ಲಿರುತ್ತದೆಂದು ಊಹಿಸುವ ಲೆಕ್ಕ, ಎರಡೂ ಅದರಲ್ಲಿದ್ದವು. ಮೊದಲೇ ಹೇಳಿದ ಆ ಕುರುಡು ಗಳಿಗೆಗೆ ಇದೇ ಮದ್ದು. ಆದರೆ ಅದರ ಜೊತೆಗೆ ಸಿಮ್‌ನ ಹಾಗೆ ತೂರಿಸುವ ಕಾರ್ಡುಗಳು ಬಂದವು. ಆಟೋಟಕ್ಕೆ ಒಂದು ಕಾರ್ಡು, ಮುಖಚಿತ್ರಕ್ಕೆ ಇನ್ನೊಂದು, ಒಂದೊಂದಕ್ಕೂ ಬೇರೆ ದುಡ್ಡು. 1991ರ ‘7ಎಕ್ಸ್‌ಐ’ ಇನ್ನೂ ಮುಂದೆ ಹೋಯಿತು. ಕ್ಯಾಮೆರಾ ಕಣ್ಣಿಗೆ ಹಿಡಿದ ಕೂಡಲೇ ತಾನೇ ಎಚ್ಚರಗೊಂಡು ಫೋಕಸ್ ಮಾಡುತ್ತಿತ್ತು. ಮೋಟಾರು ಜೂಮ್ ಲೆನ್ಸ್ ಹಾಕಿದ್ದರೆ ಎಷ್ಟು ಹತ್ತಿರ ತೋರಿಸಬೇಕೆಂದು ತಾನೇ ನಿರ್ಧರಿಸಿ ಜೂಮ್ ಕೂಡ ಮಾಡುತ್ತಿತ್ತು. ನೀವು ಇಡೀ ಮನೆ ತೆಗೆಯೋಣವೆಂದು ಎತ್ತಿದರೆ, ಅದು ಮುಖವನ್ನಷ್ಟೇ ಹಿಡಿದು ಕೂರಬಹುದು. ಫೋಟೊಗ್ರಾಫರುಗಳಿಗೆ ಇದು ಹಿಡಿಸಲಿಲ್ಲ. ಎಷ್ಟು ದೂರ ಅಂತ ಹೇಳುವ ಸೇವಕ ಇರಲಿ, ಏನು ನೋಡಬೇಕು ಅಂತ ಹೇಳುವ ಯಜಮಾನ ಯಾರಿಗೆ ಬೇಕು?

ಕಂಪನಿಗೆ ಇದು ಅರ್ಥವಾಗದೇ ಇರಲಿಲ್ಲ. 1998ರಲ್ಲಿ ಬಂದ ‘ಡೈನಾಕ್ಸ್ 9’ರಲ್ಲಿ ತಿರುಗಿಸುವ ಗುಂಡಿಗಳು ಮತ್ತೆ ಹಾಜರಾದವು. 13 ವರ್ಷದ ಹಿಂದೆ ತಾನೇ ಕಿತ್ತುಹಾಕಿದ್ದ ಗುಂಡಿಗಳು! ಶಟರ್ ವೇಗ ಸೆಕೆಂಡಿನ 12000ನೇ ಒಂದು ಭಾಗ. 2000ದಲ್ಲಿ ಬಂದ ‘ಡೈನಾಕ್ಸ್ 7’ ಕೂಡ ಇದೇ ಜಾಡಿನದ್ದು. ಆದರೆ ಫಿಲ್ಮಿನ ಕಾಲವೇ ಮುಗಿಯುತ್ತಿತ್ತು. 2003ರಲ್ಲಿ ಮಿನೋಲ್ಟಾ ಮತ್ತು ಕೊನಿಕಾ ಒಂದಾದವು. 1977ರ ಮೊದಲ ಆಟೊಫೋಕಸ್ ಕ್ಯಾಮೆರಾದವರೂ 1985ರ ಎಸ್‌ಎಲ್‌ಆರ್‌ನವರೂ ಒಂದೇ ಸೂರಿನಡಿ ಬಂದು, 2006ರಲ್ಲಿ ಇಬ್ಬರೂ ಸೇರಿ ಕ್ಯಾಮೆರಾ ಅಂಗಡಿಗೆ ಬೀಗ ಹಾಕಿದರು. ಎಸ್‌ಎಲ್‌ಆರ್ ವಿಭಾಗ ಸೋನಿಗೆ ಹೋಯಿತು. ಅದೇ ವರ್ಷ ಸೋನಿ ತಂದ ‘ಆಲ್ಫಾ 100’ ಡಿಜಿಟಲ್ ಕ್ಯಾಮೆರಾಕ್ಕೆ 1985ರ ಲೆನ್ಸುಗಳು ಸಲೀಸಾಗಿ ಕೂರುತ್ತಿದ್ದವು. ಹಳೆಯ ಲೆನ್ಸುಗಳನ್ನು ಅನಾಥ ಮಾಡಿ ಹುಟ್ಟಿದ ಉಂಗುರ ತನ್ನ ಮಕ್ಕಳನ್ನು ಮಾತ್ರ ಚೆನ್ನಾಗಿ ಸಾಕಿತು. ಆಲ್ಫಾ ಎಂಬ ಹೆಸರು ಸೋನಿ ಕ್ಯಾಮೆರಾಗಳ ಮೇಲೆ ಈಗಲೂ ಇದೆ.

ಸ್ಟುಡಿಯೊ ಯಜಮಾನರು ಚಾಳೀಸು ಬಂದ ಮೇಲೆ ಮದುವೆ ಕೆಲಸ ಬಿಡುವ ಯೋಚನೆಯಲ್ಲಿದ್ದರಂತೆ. ನೆಂಟರ ಈ ಕ್ಯಾಮೆರಾ ಕೈಗೆ ಬಂದ ಮೇಲೆ ಮತ್ತೆ ಹನ್ನೆರಡು ವರ್ಷ ಮಂಟಪ ಹತ್ತಿದರು. ಅವರ ಇಬ್ಬರು ಹೆಣ್ಣುಮಕ್ಕಳ ಓದು ಮುಗಿದದ್ದು ಆ ಹನ್ನೆರಡು ವರ್ಷದಲ್ಲೇ. ಶುರುವಿನಲ್ಲಿ ಒಂದು ಮದುವೆಯ ಮೂರು ಫೋಟೊದಲ್ಲಿ ಹಿಂದಿನ ಪರದೆಯೇ ಸ್ಪಷ್ಟ ಬಂದು ಹೆಣ್ಣಿನ ಮನೆಯವರಿಂದ ಬೈಸಿಕೊಂಡದ್ದನ್ನೂ ಅವರು ಮುಚ್ಚಿಡಲಿಲ್ಲ. ಆಮೇಲೆ ಅರ್ಧ ಒತ್ತುವುದನ್ನು ಬೆರಳಿಗೆ ಕಲಿಸಿದೆ ಎಂದು ನಕ್ಕರು.

ಅವರು ಕೊಟ್ಟ ಕ್ಯಾಮೆರಾಕ್ಕೆ ನಾವು ನಾಲ್ಕು ಹೊಸ ಸೆಲ್ ಹಾಕಿದೆವು. ಮೇಲಿನ ಪರದೆಯ ಅರ್ಧದಷ್ಟು ಮಸಿ ಸೋರಿದ ಹಾಗೆ ಕಪ್ಪಾಗಿದೆ, ಅಂಕಿಗಳು ಪೂರ್ತಿ ಕಾಣುವುದಿಲ್ಲ. ಈ ಮಾದರಿಯ ಹಳೆಯ ಕ್ಯಾಮೆರಾಗಳಿಗೆ ಅದು ಮಾಮೂಲಿ ಕಾಯಿಲೆ. ಕಚೇರಿಯ ಎದುರಿನ ಹೆಂಚಿನ ಮನೆಯತ್ತ ಹಿಡಿದು ಅರ್ಧ ಒತ್ತಿದೆವು. ಹೆಂಚಿನ ಅಡ್ಡ ಸಾಲುಗಳ ಮೇಲೆ ಗರ್ ಗರ್ ಎಂದು ಹೋಗಿ ಬಂದು, ಹಿಡಿಯಲಾರದೆ ನಿಂತಿತು. ಸ್ವಲ್ಪ ಓರೆ ಮಾಡಿ ಮತ್ತೆ ಅರ್ಧ ಒತ್ತಿದೆವು. ಪೀಂ ಅಂದಿತು.